ಅವ್ವನ ಒದ್ದೆ ಬಟ್ಟೆ, ನನ್ನ ಲಾಗರಿದಮ್



ಹಳೆಯ ವಿದ್ಯಾರ್ಥಿಯಾಗಿ ಎರಡು ಮಾತಾಡಿ ಎಂದಿದ್ದಾರೆ. ನನಗೆ ಬರುವುದು ಲೆಕ್ಕ. ಅದನ್ನೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಗುಂಡ್ಲುಪೇಟೆಯಿಂದ ತೆರಕಣಾಂಬಿ ಮೇಲೆ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಬಿ.ಇ. ಓದಲು ಹೋಗುತ್ತಿದ್ದ ಕಾಲ. ಒಂದು ವರ್ಷ ಅಪ್ಪ ಬಿತ್ತಿದ ಸೂರ್ಯಕಾಂತಿ ಅರ್ಧವೂ ಮೊಳೆಯಲಿಲ್ಲ. ಮತ್ತೆ ಬೀಜ ತರಲು ನನ್ನ ಫೀಸಿಗೆಂದು ಇಟ್ಟಿದ್ದ ದುಡ್ಡು ಹೋಯಿತು. ಅಂದಿನಿಂದ ಅವ್ವ ಬಿತ್ತುವ ಮುಂಚೆ 20 ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸುತ್ತಾಳೆ.

ಒಂದು ಸಲ 14 ಮೊಳೆತವು. ಒಂದು ಬೀಜ ಮೊಳೆಯುವ ಸಾಧ್ಯತೆ ‘ಪ’ ಎನ್ನಿ. ಹೀಗೆ ಆಗುವ ಸಾಧ್ಯತೆ, ‘ಪ’ವನ್ನು 14 ಸಲ, ‘1 − ಪ’ವನ್ನು 6 ಸಲ ಗುಣಿಸಿದ ಸಂಖ್ಯೆಗೆ ತಕ್ಕಂತೆ ಇರುತ್ತದೆ. ಯಾವ ‘ಪ’ಗೆ ಅದು ಅತಿ ಹೆಚ್ಚು? 2000 ಬೀಜಗಳಿಗೆ ಹೀಗೇ ಗುಣಿಸುತ್ತಾ ಹೋದರೆ ಕಂಪ್ಯೂಟರ್ ಸುಮ್ಮನೆ ಸೊನ್ನೆ ತೋರಿಸುತ್ತದೆ, ಸಂಖ್ಯೆ ಅಷ್ಟು ಚಿಕ್ಕದು. ಆದ್ದರಿಂದ ನಾವು ಲಾಗ್ ತೆಗೆದುಕೊಳ್ಳುತ್ತೇವೆ. ಗುಣಾಕಾರ ಕೂಡಿಸುವುದಾಗುತ್ತದೆ:

14 ಲಾಗ್ ಪ + 6 ಲಾಗ್ (1 − ಪ)

ಸಂಖ್ಯೆ ಹೆಚ್ಚಿದರೆ ಅದರ ಲಾಗ್ ಕೂಡ ಹೆಚ್ಚುತ್ತದೆ, ಹಾಗಾಗಿ ನೆತ್ತಿ ಇದ್ದಲ್ಲೇ ಇರುತ್ತದೆ. ಗೋಪಾಲಸ್ವಾಮಿ ಬೆಟ್ಟ ಹತ್ತುವಾಗ ಏರು, ಆಚೆ ಇಳಿಜಾರು, ನಡುವೆ ನೆತ್ತಿಯಲ್ಲಿ ಸಮ. ಆ ಏರಿಳಿತದ ಅಳತೆಯೇ ಡಿರೈವೇಟಿವ್. ಅದನ್ನು ಸೊನ್ನೆ ಮಾಡಿ:

14/ಪ − 6/(1 − ಪ) = 0

ಅಂದರೆ 14 − 14ಪ = 6ಪ; ಪ = 14/20 = 0.7. ಎರಡನೇ ಡಿರೈವೇಟಿವ್ ಎಲ್ಲೆಡೆ ಋಣ, ಆದ್ದರಿಂದ ಇದು ಹಳ್ಳವಲ್ಲ, ನೆತ್ತಿಯೇ.

ಇದನ್ನು ಹಾಳೆಯಲ್ಲಿ ಬರೆದು ತೋರಿಸಿದರೆ ಅವ್ವ, “ಎಣ್ಸುದ್ರೆ ಗೊತ್ತಾಯ್ತದಲ್ಲ ಮಗ, ಇಷ್ಟೊಂದ್ಯಾಕೆ ಬರ್ದಿದ್ದೀಯ?” ಎಂದಳು. ಸರಿಯಾದ ಪ್ರಶ್ನೆ. 1922ರಲ್ಲಿ ಈ ವಿಧಾನದ ಬಗ್ಗೆ ಬರೆದ ರೊನಾಲ್ಡ್ ಫಿಷರ್ ಆಗ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದರು. ಅವರಿಗೂ ಯಾರಾದರೂ ಹೀಗೆ ಕೇಳಿರಬಹುದು.

ಆದರೆ ನೆತ್ತಿ ಎಷ್ಟು ಚೂಪು ಎಂಬುದು ಎಣಿಕೆಯಿಂದ ಮಾತ್ರ ತಿಳಿಯದು. 20ಕ್ಕೆ 14 ಬಂದಾಗ, ‘ಪ’ 0.5 ಇದ್ದರೆ ಆ ಫಲಿತಾಂಶದ ಸಾಧ್ಯತೆ ನೆತ್ತಿಯ ಐದನೇ ಒಂದು ಭಾಗಕ್ಕೆ ಇಳಿಯುತ್ತದೆ, ಅಷ್ಟೇ. ಅರ್ಧವೇ ಮೊಳೆಯುವ ಬೀಜವೂ ಹೀಗೆ ಮೋಸ ಮಾಡಬಹುದು! ಅದೇ 100ಕ್ಕೆ 70 ಬಂದರೆ, ಆ ವ್ಯತ್ಯಾಸ ಮೂರು ಸಾವಿರ ಪಟ್ಟು ಮೀರುತ್ತದೆ.

ಇದನ್ನು ಹೇಳಿದ ಮೇಲೆ ಅವ್ವ ಮರುಮಾತಾಡಲಿಲ್ಲ. ಮುಂದಿನ ಸಲ ಊರಿಗೆ ಬಂದಾಗ ನೋಡಿದರೆ, ಅಪ್ಪನ ಹಳೇ ಪಂಚೆ ಒದ್ದೆಯಾಗಿತ್ತು. ಬಿಚ್ಚಿ ಎಣಿಸಿದೆ, 100 ಬೀಜ.