ಸರ್ವರ್ ಸತ್ತಿಲ್ಲ, ಹೆಸರು ಸಿಕ್ಕಿಲ್ಲ

ಗ್ರಂಥಾಲಯದ ಜಾಲತಾಣದಲ್ಲಿ ಪುಸ್ತಕವೊಂದನ್ನು ಹುಡುಕುತ್ತೀರಿ. ಪುಟವೇನೋ ತೆರೆದಿದೆ, ಮಿಕ್ಕ ಕೊಂಡಿಗಳೂ ಕೆಲಸ ಮಾಡುತ್ತಿವೆ. ಆದರೆ ಹುಡುಕಾಟ ಮಾತ್ರ ಸದ್ಯಕ್ಕೆ ಲಭ್ಯವಿಲ್ಲ ಎನ್ನುತ್ತದೆ. ಇಂಥ ತಾಣಗಳಲ್ಲಿ ಹುಡುಕುವ ಕೆಲಸವನ್ನು ಸಾಮಾನ್ಯವಾಗಿ ಬೇರೆ ಸರ್ವರ್‌ಗೆ ವಹಿಸಿರುತ್ತಾರೆ. ಸೋಲರ್, ಎಲಾಸ್ಟಿಕ್‌ಸರ್ಚ್ ಅದಕ್ಕೆಂದೇ ಇರುವ ತಂತ್ರಾಂಶಗಳು. ಎರಡೂ ಜಾವಾದಲ್ಲಿ ಬರೆದವು. ತಾಣ ನೋಡಿಕೊಳ್ಳುವವರು ಲಾಗ್ ತೆರೆದು ನೋಡಿದಾಗ 'ಅನ್‌ನೋನ್ ಹೋಸ್ಟ್' ಎಂದು ಕಂಡರೆ, ಹುಡುಕುವ ತಂತ್ರಾಂಶವನ್ನು ಬೈಯುವ ಮೊದಲು ಸ್ವಲ್ಪ ತಡೆಯಬೇಕು. ಅಲ್ಲಿ ತಪ್ಪಿರುವುದು ಹುಡುಕಾಟವಲ್ಲ, ವಿಳಾಸ.

ಕಂಪ್ಯೂಟರುಗಳು ಒಂದನ್ನೊಂದು ತಲುಪುವುದು ಅಂಕಿಗಳ ವಿಳಾಸದಿಂದ. ಹೆಸರು ಇರುವುದು ನಮ್ಮ ಅನುಕೂಲಕ್ಕೆ. ಅಮೆರಿಕದ ಆರ್ಪಾನೆಟ್ ಎಂಬ ಜಾಲದ ಕಾಲದಲ್ಲಿ ಎಲ್ಲ ಹೆಸರು, ವಿಳಾಸಗಳೂ ಒಂದೇ ಕಡತದಲ್ಲಿದ್ದವು. ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಜಾಲ ಬೆಳೆದಂತೆ ಒಂದು ಕಡತ ಸಾಲದೆ, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ವ್ಯವಸ್ಥೆಯನ್ನು ರೂಪಿಸಿದರು. ಹಾಗೆಂದು ಹಳೆಯ ಪದ್ಧತಿ ಹೋಗಲಿಲ್ಲ. ಲಿನಕ್ಸ್ ಯಂತ್ರಗಳಲ್ಲಿ ಇಂದಿಗೂ 'ಹೋಸ್ಟ್ಸ್' ಎಂಬ ಕಡತವಿದೆ. ಯಂತ್ರ ಸಾಮಾನ್ಯವಾಗಿ ಮೊದಲು ಅದನ್ನು ನೋಡುತ್ತದೆ, ಅಲ್ಲಿ ಸಿಗದಿದ್ದರೆ ಡಿಎನ್‌ಎಸ್ ಅನ್ನು ಕೇಳುತ್ತದೆ.

ಈ ಎರಡು ಬಾಗಿಲು ನೆನಪಿದ್ದರೆ ಅರ್ಧ ಗೊಂದಲ ಕಳೆದಂತೆ. 'ಡಿಗ್' ಆಜ್ಞೆ ಕೇಳುವುದು ಡಿಎನ್‌ಎಸ್ ಅನ್ನು ಮಾತ್ರ; 'ಪಿಂಗ್' ಹೋಸ್ಟ್ಸ್ ಕಡತವನ್ನೂ ನೋಡುತ್ತದೆ. ಡಿಗ್ ಹೊಸ ವಿಳಾಸ ಹೇಳುತ್ತಿದೆ, ಪಿಂಗ್ ಹಳೆಯದಕ್ಕೇ ಹೋಗುತ್ತಿದೆ ಎಂದಾದರೆ, ಯಾರೋ ಎಂದೋ ಹೋಸ್ಟ್ಸ್ ಕಡತದಲ್ಲಿ ಬರೆದ ಸಾಲು ಅಲ್ಲೇ ಉಳಿದಿದೆಯೇ ನೋಡಿ.

ದೋಷದ ಮಾತನ್ನೂ ಪೂರ್ತಿ ಓದಬೇಕು. 'ನೇಮ್ ಆರ್ ಸರ್ವೀಸ್ ನಾಟ್ ನೋನ್' ಎಂದರೆ ಕೇಳಿದ್ದಾಯಿತು, ಆ ಹೆಸರು ಸಿಗಲಿಲ್ಲ. ಮೊದಲು ಕಾಗುಣಿತ ನೋಡಿ. 'ಟೆಂಪರರಿ ಫೇಲ್ಯೂರ್' ಎಂದರೆ ಬಹುಮಟ್ಟಿಗೆ ಡಿಎನ್‌ಎಸ್ ಸರ್ವರ್‌ನಿಂದ ಉತ್ತರವೇ ಬರಲಿಲ್ಲ. ಜಾಲವನ್ನೂ, ಡಿಎನ್‌ಎಸ್ ಸರ್ವರ್‌ನ ವಿಳಾಸವಿರುವ 'ರಿಸಾಲ್ವ್' ಕಡತವನ್ನೂ ನೋಡಿ. 'ಕನೆಕ್ಷನ್ ರೆಫ್ಯೂಸ್ಡ್' ಬಂದರೆ ಮನೆ ಸಿಕ್ಕಿದೆ, ಬಾಗಿಲು ತೆರೆಯುತ್ತಿಲ್ಲ. ಸಾಮಾನ್ಯವಾಗಿ ಸೋಲರ್ ಆದರೆ 8983, ಎಲಾಸ್ಟಿಕ್‌ಸರ್ಚ್ ಆದರೆ 9200, ಆ ಪೋರ್ಟ್ ಕಡೆ ಗಮನ ಕೊಡಿ.

ವಿಚಿತ್ರವೆನಿಸುವ ಇನ್ನೊಂದು ಸಂಗತಿಯಿದೆ. ಕೆಲವೊಮ್ಮೆ ಸರ್ವರ್‌ಗೆ ಸಿಗದೇ ಹೋಗುವುದು ತನ್ನದೇ ಹೆಸರು. ಯಂತ್ರಕ್ಕೆ ಹೊಸ ಹೆಸರಿಟ್ಟು, ಹೋಸ್ಟ್ಸ್ ಕಡತದಲ್ಲಿ ಹಳೆಯದನ್ನೇ ಬಿಟ್ಟಿರುತ್ತಾರೆ. ಜಾವಾ ತಂತ್ರಾಂಶ ಏಳುವಾಗ 'ನಾನು ಯಾರು?' ಎಂದು ವಿಚಾರಿಸಿದರೆ ಉತ್ತರ ಬರುವುದಿಲ್ಲ. ಕಡತದಲ್ಲಿ ಹೊಸ ಹೆಸರಿನ ಒಂದು ಸಾಲು ಸೇರಿಸಿದರೆ ಮುಗಿಯಿತು.

ತಿದ್ದಿದ ಕೂಡಲೇ ಸರಿಹೋಗದಿದ್ದರೆ ಗಾಬರಿ ಬೇಡ. ಸಿಕ್ಕ ಉತ್ತರವನ್ನು ಜಾವಾ ಕೆಲಹೊತ್ತು ನೆನಪಿಟ್ಟುಕೊಳ್ಳುತ್ತದೆ. ಎಲಾಸ್ಟಿಕ್‌ಸರ್ಚ್‌ನಲ್ಲಿ ಬೇರೆ ಹೊಂದಿಸದಿದ್ದರೆ ಸಿಕ್ಕ ವಿಳಾಸಕ್ಕೆ 60 ಸೆಕೆಂಡು, 'ಇಲ್ಲ' ಎಂಬ ಉತ್ತರಕ್ಕೆ 10 ಸೆಕೆಂಡು. ಪರೀಕ್ಷೆಯನ್ನೂ ದೋಷ ಬಂದ ಯಂತ್ರದಲ್ಲೇ ಮಾಡಬೇಕು. ತಂತ್ರಾಂಶ ಕಂಟೈನರ್‌ನೊಳಗಿದ್ದರೆ ಒಳಗಿನಿಂದಲೇ ಕೇಳಬೇಕು. ಹೊರಗಿನ ಹೋಸ್ಟ್ಸ್ ಕಡತ ಬೇರೆ, ಒಳಗಿನದು ಬೇರೆ.

ಇಷ್ಟೆಲ್ಲ ಯಾಕೆ, ಹೆಸರಿನ ಜಾಗದಲ್ಲಿ ಅಂಕಿಯನ್ನೇ ಬರೆದುಬಿಟ್ಟರಾಗದೇ ಎಂದು ಕೇಳಬಹುದು. ತುರ್ತಿಗೆ ಆದೀತು, ಕಾಯಿಲೆ ಎಲ್ಲಿದೆ ಎಂಬುದನ್ನು ಖಚಿತಪಡಿಸಿಕೊಳ್ಳಲೂ ಆ ಉಪಾಯ ಒಳ್ಳೆಯದೇ: ಅಂಕಿಗೆ ಓಗೊಟ್ಟು ಹೆಸರಿಗೆ ಓಗೊಡದಿದ್ದರೆ ಹುಡುಕುವ ಸರ್ವರ್ ನಿರಪರಾಧಿ. ಆದರೆ ಅಂಕಿಯನ್ನು ಅಲ್ಲೇ ಬಿಟ್ಟರೆ, ಸರ್ವರ್ ಬೇರೆ ಯಂತ್ರಕ್ಕೆ ಹೋದ ದಿನ ಡಿಎನ್‌ಎಸ್‌ನಲ್ಲಿ ಒಂದು ಕಡೆ ತಿದ್ದಿದರೆ ಸಾಕಾಗುತ್ತಿದ್ದ ಕೆಲಸಕ್ಕೆ ಹತ್ತು ಕಡತ ತಡಕಬೇಕಾಗುತ್ತದೆ. ಅದೂ ಆ ಅಂಕಿ ಬರೆದವರು ಊರಲ್ಲಿ ಇಲ್ಲದಾಗ.