ಚಿತ್ರ ತೆಗೆದ ಮೇಲೆ ಹಕ್ಕಿ ಏನಾಯಿತು?

(ಶತಮಾನೋತ್ಸವದ ಅಂಗವಾಗಿ ಹಳೆಯ ವಿದ್ಯಾರ್ಥಿಗಳು ಏರ್ಪಡಿಸಿದ್ದ ನಿಸರ್ಗ ಛಾಯಾಚಿತ್ರ ಪ್ರದರ್ಶನದಲ್ಲಿ ಮಾಡಿದ ಭಾಷಣ)



ಈ ಶಾಲೆಯಲ್ಲಿ ಅಕ್ಷರ ಕಲಿತ ನಾವು ಕೆಲವರು ಹಲವು ವರ್ಷಗಳಿಂದ ಕ್ಯಾಮೆರಾ ಹಿಡಿದು ಇಲ್ಲಿಯ ಎರೆಹೊಲಗಳಲ್ಲಿ, ಮಾಳಗಳಲ್ಲಿ ಅಲೆಯುತ್ತಿದ್ದೇವೆ. ನಮ್ಮಲ್ಲಿ ಯಾರೂ ವೃತ್ತಿನಿರತ ಛಾಯಾಗ್ರಾಹಕರಲ್ಲ. ಮಾಸ್ತರರಿದ್ದಾರೆ, ಅಂಗಡಿಕಾರರಿದ್ದಾರೆ, ಒಕ್ಕಲುತನ ಮಾಡುವವರಿದ್ದಾರೆ. ತಿಂಗಳಿಗೊಂದು ರವಿವಾರ ಈ ಶಾಲೆಯ ಕೋಣೆಯಲ್ಲಿಯೇ ಕೂಡಿ, ಚಿತ್ರಗಳನ್ನು ಗೋಡೆಯ ಮೇಲೆ ಮೂಡಿಸಿ, ಒಬ್ಬರ ತಪ್ಪನ್ನು ಮತ್ತೊಬ್ಬರು ತಿದ್ದುವುದು ನಮ್ಮ ಪದ್ಧತಿ.

ಹೀಗೆ ತಿದ್ದಿಸಿಕೊಂಡೇ ನಾವು ಕಲಿತೆವು. ನಡುಹಗಲಿನ ಬಿಸಿಲು ಬಣ್ಣವನ್ನೆಲ್ಲ ಬಿಳಿಚಿಸುತ್ತದೆ. ಮುಂಜಾವಿನ, ಸಂಜೆಯ ಓರೆಬೆಳಕು ಒಂದೊಂದು ಗರಿಯನ್ನೂ ಎತ್ತಿ ತೋರುತ್ತದೆ. ನಿಂತು ತೆಗೆದರೆ ಹಕ್ಕಿ ನೆಲಕ್ಕೆ ಅಂಟಿದಂತೆ ಕಾಣುತ್ತದೆ. ನೆಲಕ್ಕೆ ಎದೆಯೊರಗಿಸಿ ಅದರ ಕಣ್ಣಿನ ಮಟ್ಟಕ್ಕೆ ಇಳಿದರೆ ಹಿನ್ನೆಲೆ ದೂರ ಸರಿದು ಹಕ್ಕಿ ಎದ್ದು ನಿಲ್ಲುತ್ತದೆ. ಹಾರುವ ಹಕ್ಕಿಯ ರೆಕ್ಕೆ ಸ್ಪಷ್ಟವಾಗಿ ಮೂಡಬೇಕಾದರೆ ಶಟರಿನ ವೇಗ ಸೆಕೆಂಡಿನ 1000ದಲ್ಲೊಂದು ಭಾಗ ಅಥವಾ ಅದಕ್ಕಿಂತ ಹೆಚ್ಚಿರಬೇಕು. ಇವೆಲ್ಲ ಕೈಗೆ ಬರುವ ವಿದ್ಯೆ. ಆದರೆ ನಮ್ಮನ್ನು ನಿಜವಾಗಿ ತಿದ್ದಿದ್ದು ಬೇರೊಂದು ಪ್ರಸಂಗ. ಅದನ್ನು ಇಂದು ಮುಚ್ಚಿಡದೆ ಹೇಳಬೇಕೆಂದು ನಿಶ್ಚಯಿಸಿದ್ದೇವೆ.

ಒಂದು ಏಪ್ರಿಲ್ ತಿಂಗಳಲ್ಲಿ ಕಲ್ಲುಮಾಳವೊಂದರ ಮೇಲೆ ಹಳದಿ ಟಿಟ್ಟಿಭದ ಗೂಡು ಕಂಡಿತು. ಗೂಡೆಂದರೆ ನೆಲದ ಮೇಲೊಂದು ಸಣ್ಣ ತಗ್ಗು. ಅದರಲ್ಲಿ ಹರಳುಗಳ ಬಣ್ಣವನ್ನೇ ಹೊತ್ತ ನಾಲ್ಕು ಮೊಟ್ಟೆಗಳು. ಪಕ್ಕದ ಒಣಹುಲ್ಲಿನ ಎರಡು ಕಂಟಿಗಳು ಅಡ್ಡ ಬರುತ್ತಿದ್ದವು. ನಾವು ಅವನ್ನು ಕಿತ್ತೆಸೆದೆವು. ಬಿಸಿಲೇರುವವರೆಗೆ ಹತ್ತಿರದಲ್ಲಿಯೇ ಕುಳಿತೆವು. ತಾಯಿಹಕ್ಕಿ ತಲೆಯ ಮೇಲೆ ಸುತ್ತುತ್ತ ಕೂಗುತ್ತಲೇ ಇತ್ತು. ಚಿತ್ರವೇನೋ ಸೊಗಸಾಗಿ ಬಂತು. ನಾಲ್ಕು ದಿನಗಳ ನಂತರ ಹೋದಾಗ ಗೂಡು ಬರಿದಾಗಿತ್ತು. ಕಾಗೆಯೋ, ಮುಂಗುಸಿಯೋ, ನಾಯಿಯೋ ಹೇಳಲಾರೆವು. ಮರೆಯನ್ನು ಕಿತ್ತವರು ಮಾತ್ರ ನಾವೇ.

ಆ ಸಂಗತಿಯನ್ನು ಯಾರಿಗೂ ಹೇಳದೆ ಚಿತ್ರವನ್ನು ಶಾಲೆಯ ಪಡಸಾಲೆಯಲ್ಲಿ ತೂಗುಹಾಕಿದೆವು. ಬಂದವರೆಲ್ಲ ಹೊಗಳಿದರು. ಐದನೆಯ ಇಯತ್ತೆಯ ಬಾಲಕಿಯೊಬ್ಬಳು ಮಾತ್ರ ಬಹಳ ಹೊತ್ತು ನೋಡಿ ಕೇಳಿದಳು: “ಸರ್, ಈ ತತ್ತಿ ಮುಂದ ಏನಾದವು ರೀ?” ನಮ್ಮಲ್ಲಿ ಉತ್ತರವಿರಲಿಲ್ಲ. ಮರುದಿನವೇ ಆ ಚಿತ್ರವನ್ನು ಇಳಿಸಿದೆವು. ಈ ಪ್ರದರ್ಶನದಲ್ಲಿಯೂ ಅದಿಲ್ಲ.

ಅನಂತರವೇ ನಾವು ಓದತೊಡಗಿದೆವು. ಬೇಸಿಗೆಯಲ್ಲಿ ಟಿಟ್ಟಿಭವು ಮೊಟ್ಟೆಗಳಿಗೆ ಕಾವಿನಷ್ಟೇ ನೆರಳನ್ನೂ ಕೊಡಬೇಕು. ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪಾಗಿಸುತ್ತದೆ. ಅದನ್ನು ದೂರ ನಿಲ್ಲಿಸಿದ ಪ್ರತಿ ಗಳಿಗೆಯೂ ಮೊಟ್ಟೆಗಳನ್ನು ಸುಡುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆ ಎಂಬ ಪದದ ಅರ್ಥದಲ್ಲಿಯೇ ಕಾಡುಹಕ್ಕಿಗಳ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದನ್ನೂ ಸೇರಿಸಿದೆ. ಪಂಚತಂತ್ರದಲ್ಲಿ ಟಿಟ್ಟಿಭದ ಮೊಟ್ಟೆಗಳನ್ನು ಒಯ್ದದ್ದು ಸಮುದ್ರ. ಕಥೆಯಲ್ಲಿ ಸಮುದ್ರವು ಅವನ್ನು ಹಿಂದಕ್ಕೆ ಕೊಟ್ಟಿತು; ನಾವು ಕೊಡಲಾರದವರಾದೆವು.

ಅಂದಿನಿಂದ ನಮ್ಮ ರವಿವಾರದ ಕೂಟದ ರೀತಿ ಬದಲಾಯಿತು. ಮೊದಲ ಪ್ರಶ್ನೆ ಬೆಳಕನ್ನು ಕುರಿತದ್ದಲ್ಲ. ನೀವು ಬರುವ ಮುನ್ನ ಆ ಜೀವಿ ಏನು ಮಾಡುತ್ತಿತ್ತು, ನೀವು ಹೋಗುವಾಗ ಅದನ್ನೇ ಮಾಡುತ್ತಿತ್ತೇ ಎಂದು ಕೇಳುತ್ತೇವೆ. ಹೌದೆಂದು ಹೇಳಲಾಗದ ಚಿತ್ರ ಎಷ್ಟೇ ಚೆಂದವಿದ್ದರೂ ಗೋಡೆಗೆ ಏರದು. ಗೂಡಿನ ಚಿತ್ರ ತೆಗೆಯುವುದಿಲ್ಲ. ಗೂಡಿರುವ ಜಾಗವನ್ನು ಯಾರಿಗೂ ಹೇಳುವುದಿಲ್ಲ.

ಈ ಎಚ್ಚರ ನಮ್ಮ ಸೀಮೆಗೆ ಮತ್ತಷ್ಟು ಅಗತ್ಯ. ಸೊಲ್ಲಾಪುರದ ಬಳಿಯ ನಾನ್ನಜದ ಹುಲ್ಲುಗಾವಲನ್ನು ಒಳಗೊಂಡ ಅಭಯಾರಣ್ಯವು 1979ರಲ್ಲಿ ಸ್ಥಾಪಿತವಾದದ್ದು ಎರೆಭೂತದ ರಕ್ಷಣೆಗಾಗಿ. ಮರಾಠಿಯಲ್ಲಿ ಅದೇ ಮಾಳಢೋಕ. ಆ ಹಕ್ಕಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮೊಟ್ಟೆಯನ್ನಿಡುತ್ತದೆ, ಅದೂ ಬಯಲು ನೆಲದ ಮೇಲೆ. ಇಂದು ಅಲ್ಲಿ ಕೃಷ್ಣಮೃಗಗಳು ಕಣ್ಣಿಗೆ ಬೀಳುತ್ತವೆ. ಎರೆಭೂತವನ್ನು ಕಾಣುವುದು ದುರ್ಲಭವಾಗಿದೆ. ಅದಕ್ಕೆ ಕಾರಣಗಳು ಅನೇಕ. ಅವುಗಳಲ್ಲಿ ನಮ್ಮ ಕ್ಯಾಮೆರಾವೂ ಒಂದಾಗಬಾರದು.

ವಿದ್ಯಾರ್ಥಿಗಳೇ, ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಸುತ್ತಲಿನ ಹಕ್ಕಿಗಳನ್ನು ತಾವೇ ಕ್ಯಾಮೆರಾದಲ್ಲಿ ಸೆರೆಹಿಡಿದು, ಅವುಗಳ ಬಗೆಗೆ ಕನ್ನಡದಲ್ಲಿಯೇ ಬರೆದರು. ನೀವೂ ಕೈಯಲ್ಲಿರುವ ಮೊಬೈಲಿನಿಂದಲೇ ಆರಂಭಿಸಿರಿ. ಚಿತ್ರದ ಜೊತೆಗೆ ವಹಿಯಲ್ಲಿ ದಿನ, ಹೊತ್ತು, ಹಕ್ಕಿ ಮಾಡುತ್ತಿದ್ದ ಕೆಲಸ, ನಿಮ್ಮಜ್ಜಿ ಅದಕ್ಕೆ ಹೇಳುವ ಹೆಸರು, ನೆರೆಮನೆಯವರು ಮರಾಠಿಯಲ್ಲಿ ಹೇಳುವ ಹೆಸರು ಇವಿಷ್ಟನ್ನು ಬರೆಯಿರಿ. ತಂದು ಎಲ್ಲರೆದುರು ತೋರಿಸಿರಿ. ತಿದ್ದಿಸಿಕೊಳ್ಳಲು ನಾಚಬೇಡಿರಿ, ನಮ್ಮನ್ನು ತಿದ್ದಿದವಳೂ ಇದೇ ಶಾಲೆಯ ಒಬ್ಬ ಬಾಲಕಿ.