ಹಳೆಯ ಯಂತ್ರ, ಹೊಸ ಗಣಕ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಣ್ಣದೊಂದು ಕಾರ್ಖಾನೆಯನ್ನು ನಡೆಸುತ್ತಾನೆ. ಹಿತ್ತಾಳೆಯ ಫಲಕಗಳ ಮೇಲೆ ಅಕ್ಷರ ಕೊರೆಯುವ ಯಂತ್ರವೇ ಅವನ ಜೀವನಾಧಾರ. ಮೂವತ್ತು ವರ್ಷ ಕಳೆದರೂ ಅದರ ಕಬ್ಬಿಣ ಗಟ್ಟಿಯಾಗಿದೆ. ಆದರೆ ಅದನ್ನು ನಡೆಸುತ್ತಿದ್ದ ಗಣಕ ಹೋದ ಮಳೆಗಾಲದಲ್ಲಿ ಕಣ್ಣು ಮುಚ್ಚಿತು. ಯಂತ್ರ ಮಾರಿದವರನ್ನು ಕೇಳಿದರೆ, ಹೊಸದನ್ನೇ ಕೊಳ್ಳಿ ಎಂದರು. ಹಣವೆಲ್ಲಿ? "ಮೇಷ್ಟ್ರೇ, ಕುದುರೆ ಚೆನ್ನಾಗಿದೆ, ಸವಾರ ಸತ್ತ" ಎಂದು ಅವನು ಬಂದು ಕುಳಿತ.

ಈ ತೊಂದರೆ ಅವನೊಬ್ಬನದಲ್ಲ. ಅಮೆರಿಕದ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರದಲ್ಲಿ 19 ಶಾಲೆಗಳ ಶಾಖವನ್ನೂ ತಂಪನ್ನೂ 1980ರ ದಶಕದ ಒಂದೇ ಒಂದು ಅಮಿಗ ಗಣಕ ನೋಡಿಕೊಳ್ಳುತ್ತಿದ್ದುದು 2015ರಲ್ಲಿ ಸುದ್ದಿಯಾಯಿತು. ಅದರ ಕ್ರಮವಿಧಿಯನ್ನು, ಎಂದರೆ ಪ್ರೋಗ್ರಾಮನ್ನು, ಬರೆದವನು ಆಗ ಒಬ್ಬ ಹೈಸ್ಕೂಲು ವಿದ್ಯಾರ್ಥಿ!

ಹಳೆಯ ಪ್ರೋಗ್ರಾಮನ್ನು ಹೊಸ ಗಣಕಕ್ಕೆ ಹಾಕಿದರಾಯಿತಲ್ಲ ಎಂದು ನೀವು ಕೇಳಬಹುದು. ಅಷ್ಟು ಸುಲಭವಲ್ಲ. ಡಾಸ್ ಕಾಲದ ಪ್ರೋಗ್ರಾಮು ಪ್ಯಾರಲಲ್ ಪೋರ್ಟಿನ ಎಂಟು ದತ್ತತಂತಿಗಳನ್ನು ತಾನೇ ನೇರವಾಗಿ ಆಡಿಸುತ್ತಿತ್ತು. ಒಂದೊಂದು ಮಿಡಿತಕ್ಕೆ ಮೋಟಾರು ಒಂದೊಂದು ಹೆಜ್ಜೆ. ಈಗಿನ ವಿಂಡೋಸ್ ಹಾಗೆ ಮುಟ್ಟಗೊಡುವುದಿಲ್ಲ. ದ್ವಾರಪಾಲಕನಂತೆ ನಡುವೆ ನಿಲ್ಲುತ್ತದೆ.

ಇಲ್ಲಿ ನೆರವಿಗೆ ಬರುವುದು ಎಮ್ಯುಲೇಟರ್. ಹೊಸ ಗಣಕ ಹಳೆಯದರ ವೇಷ ಹಾಕುತ್ತದೆ. ಪ್ರೋಗ್ರಾಮಿನ ಒಂದೊಂದು ಆಜ್ಞೆಗೂ ಹಳೆಯ ಗಣಕ ಏನು ಮಾಡುತ್ತಿತ್ತೋ ಅದನ್ನೇ ಮಾಡುತ್ತದೆ. 2002ರಲ್ಲಿ ಹೊರಬಂದ ಡಾಸ್‌ಬಾಕ್ಸ್ ಇಂಥದು. ಅದು ಹುಟ್ಟಿದ್ದು ಹಳೆಯ ಆಟಗಳಿಗಾಗಿ. ಲಿನಕ್ಸಿನ ಡಾಸೆಮು, ಅನುಮತಿ ಕೊಟ್ಟರೆ, ಪೋರ್ಟಿನ ಆಜ್ಞೆಗಳನ್ನು ನಿಜವಾದ ಪೋರ್ಟಿಗೇ ದಾಟಿಸುತ್ತದೆ.

ನಿಜವಾದ ತೊಡಕು ಇರುವುದು ಕಾಲದಲ್ಲಿ. ಎಷ್ಟೋ ಹಳೆಯ ಪ್ರೋಗ್ರಾಮುಗಳು ಕ್ಷಣಕಾಲ ತಡೆಯಬೇಕಾದಾಗ ಸುಮ್ಮನೆ ಅಂಕಿ ಎಣಿಸುತ್ತಿದ್ದವು. ಗಣಕದ ವೇಗ ಹೆಚ್ಚಿದರೆ ಎಣಿಕೆ ಬೇಗ ಮುಗಿದು ತಾಳ ಕೆಡುತ್ತದೆ. ಟರ್ಬೊ ಪ್ಯಾಸ್ಕಲ್ಲಿನಲ್ಲಿ ಬರೆದ ಹಲವು ವೇಗದ ಗಣಕಗಳಲ್ಲಿ 200ನೆಯ ದೋಷವೆಂದು ಹೇಳಿ ಆರಂಭದಲ್ಲೇ ನಿಂತುಬಿಡುತ್ತಿದ್ದವು. ವೇಗ ಅಳೆಯುವ ಭಾಗಾಕಾರದ ಉತ್ತರ 65,535ನ್ನು ಮೀರಿದ್ದೇ ಕಾರಣ. ಎಮ್ಯುಲೇಟರಿನಲ್ಲಿ ವೇಗವನ್ನು ತಗ್ಗಿಸಬಹುದು, ನಿಜ. ಆದರೆ ಹೊಸ ಗಣಕ ತನ್ನ ಕಾಲವನ್ನು ನೂರು ಕೆಲಸಗಳಿಗೆ ಹಂಚುತ್ತದೆಯಾಗಿ, ಮಿಡಿತ ಒಮ್ಮೆ ಬೇಗ, ಒಮ್ಮೆ ತಡ. ಷಟ್ಪದಿಯಲ್ಲಿ ಒಂದು ಮಾತ್ರೆ ತಪ್ಪಿದರೆ ಕಿವಿಗೆ ಕಟು. ಇಲ್ಲಿ ತಪ್ಪಿದರೆ ಕೊರೆಯುವ ಮೊನೆ ಮುರಿಯುತ್ತದೆ, ಕೈಗೂ ಅಪಾಯ.

ಆದಕಾರಣ ನಾವು ಮೊದಲು ಫ್ಲಾಪಿಯ ಪ್ರತಿ ಮಾಡಿಕೊಂಡೆವು. ಬಳಿಕ ಮೊನೆಯನ್ನು ಕಳಚಿಟ್ಟು ಯಂತ್ರವನ್ನು ಬರಿದೇ ಓಡಿಸಿದೆವು. ಮೂರನೆಯ ಅಕ್ಷರದಲ್ಲಿ ಹೆಜ್ಜೆ ತಪ್ಪಿತು. ಹುಡುಗನ ಮುಖ ಸಣ್ಣದಾಯಿತು. ಕಡೆಗೆ ಗುಜರಿ ಅಂಗಡಿಯಲ್ಲಿ ಹಳೆಯ ಗಣಕವೊಂದು ಸಿಕ್ಕಿತು. ಈಗ ಅಕ್ಷರಗಳನ್ನು ಜೋಡಿಸಿ ತಿದ್ದುವುದು ಎಮ್ಯುಲೇಟರಿನಲ್ಲಿ. ಕೊರೆಯುವುದು ಮಾತ್ರ ಹಳೆಯ ಗಣಕದ ಅಪ್ಪಣೆಯಲ್ಲಿ. ತಡವಾದರೂ ಕೆಡದ ಕೆಲಸಕ್ಕೆ ವೇಷಧಾರಿ ಸಾಕು. ತಾಳ ತಪ್ಪಬಾರದ ಕೆಲಸಕ್ಕೆ ನಿಜವಾದವನೇ ಬೇಕು.

ನಿಮ್ಮಲ್ಲೂ ಇಂಥ ಯಂತ್ರವುಂಟಾದರೆ, ಅದು ನಡೆಯುತ್ತಿರುವಾಗಲೇ ಫ್ಲಾಪಿಗಳ ಪ್ರತಿ ತೆಗೆಯಿರಿ, ತಂತಿಗಳ ನಕ್ಷೆ ಬರೆದಿಡಿ. ಓಲೆಗರಿ ಪುಡಿಯಾದ ಮೇಲೆ ಪ್ರತಿಕಾರ ಬಂದು ಫಲವೇನು?